ಸ್ಪೇನಿನ ಹಳೆ ಬೆಳ್ಳಿ ನಾಣ್ಯಕ್ಕೆ ಬೆಂಕಿ ತಾಗಿಸದೆ ಪದಕ ಕಟ್ಟುವುದು ಹೇಗೆ

ಪದಕ ಮಾಡಿಕೊಡಿ ಎಂದು ಹಳೆ ಬೆಳ್ಳಿ ನಾಣ್ಯವನ್ನು ಆಚಾರಿಯ ಕೈಗೆ ಕೊಟ್ಟರೆ ಸಾಮಾನ್ಯವಾಗಿ ಆಗುವುದು ಇಷ್ಟು: ನಾಣ್ಯದ ನೆತ್ತಿಯ ಮೇಲೆ ಒಂದು ಕೊಂಡಿ ಇಟ್ಟು ಬೆಸುಗೆ ಹಾಕುತ್ತಾರೆ, ಕಪ್ಪಾಯಿತೆಂದು ಆಸಿಡ್ಡಿನಲ್ಲಿ ಅದ್ದುತ್ತಾರೆ, ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ ಬಫ್ ಹಿಡಿದು ಕನ್ನಡಿಯಂತೆ ಹೊಳೆಯಿಸಿ ಕೊಡುತ್ತಾರೆ. ಹೊಸ ಬೆಳ್ಳಿಗೆ ಇದು ಸರಿಯಾದ ಕೆಲಸವೇ. ಇನ್ನೂರೈವತ್ತು ವರ್ಷ ಹಳೆಯ ಸ್ಪೇನಿನ ನಾಣ್ಯಕ್ಕೆ ಮಾತ್ರ ಇದರಿಂದ ಆಗುವ ನಷ್ಟ ಯಾವತ್ತಿಗೂ ತುಂಬುವುದಿಲ್ಲ. ಆದ್ದರಿಂದ ಕೆಳಗೆ ಹೇಳುವ ಕ್ರಮದಲ್ಲಿ ಎಲ್ಲಕ್ಕೂ ಒಂದೇ ಆಧಾರ: ನಾಣ್ಯ ಚೌಕಟ್ಟಿನೊಳಗೆ ಹೇಗೆ ಹೋಯಿತೋ ಬೇಕೆಂದಾಗ ಹಾಗೆಯೇ ಹೊರಗೆ ಬರಬೇಕು. ಬೆಂಕಿ, ಆಸಿಡ್, ಬೈರಿಗೆ ಎಲ್ಲವೂ ಚೌಕಟ್ಟಿಗೆ. ನಾಣ್ಯಕ್ಕೆ ಯಾವುದೂ ಬೇಡ.

ಕೈಯಲ್ಲಿರುವುದು ಯಾವ ನಾಣ್ಯ?

ಪೋರ್ಚುಗೀಸ್, ಡಚ್, ಇಂಗ್ಲಿಷ್ ಹಡಗುಗಳು ನಮ್ಮ ಕರಾವಳಿಯ ಮೆಣಸು ಕೊಳ್ಳಲು ತಂದ ಬೆಳ್ಳಿಯಲ್ಲಿ ಸ್ಪೇನ್ ಆಳುತ್ತಿದ್ದ ಅಮೆರಿಕದ ನಾಡುಗಳ ಟಂಕಸಾಲೆಗಳ ನಾಣ್ಯ ಬಹಳವಿತ್ತು. ಹೆಚ್ಚಿನವು ಇಲ್ಲಿನ ಟಂಕಸಾಲೆಗಳಲ್ಲಿ ಕರಗಿ ರೂಪಾಯಿಯಾದವು. ಉಳಿದವು ಅಲ್ಲಲ್ಲಿ ಕಾಣಸಿಗುತ್ತವೆ. ದೊಡ್ಡದು 8 ರಿಯಾಲಿನ ನಾಣ್ಯ (ರಿಯಾಲ್ ಎಂದರೆ ಸ್ಪೇನಿನ ಆಗಿನ ಬೆಳ್ಳಿ ಹಣ). ಅದರಲ್ಲಿ ಮೂರು ಬಗೆ.

ಮೊದಲನೆಯದು ಕೈಯಿಂದ ಹೊಡೆದ ‘ಕಾಬ್’. ಬೆಳ್ಳಿಯ ಗಟ್ಟಿಯಿಂದ ತುಂಡು ಕತ್ತರಿಸಿ, ತೂಕ ಸರಿಹೋಗುವವರೆಗೆ ಅಂಚು ಕೊಯ್ದು, ಸುತ್ತಿಗೆಯಿಂದ ಮುದ್ರೆ ಒತ್ತಿದ್ದು. ಆದ್ದರಿಂದ ಎರಡು ಒಂದೇ ಆಕಾರದಲ್ಲಿ ಇರುವುದಿಲ್ಲ. ತೂಕ ಸುಮಾರು 27.4 ಗ್ರಾಂ, ಬೆಳ್ಳಿ ಸುಮಾರು 93 ಶೇಕಡಾ. ಎರಡನೆಯದು ಮೆಕ್ಸಿಕೊದಲ್ಲಿ 1732ರಲ್ಲಿ ಯಂತ್ರ ಬಂದ ಮೇಲಿನ ಕಂಬದ ನಾಣ್ಯ: ಎರಡು ಕಂಬ, ಅವುಗಳ ನಡುವೆ ಎರಡು ಭೂಗೋಳ, ಕೆಳಗೆ ಅಲೆಗಳು. 27.07 ಗ್ರಾಂ, ಬೆಳ್ಳಿ 91.7 ಶೇಕಡಾ. ಮೂರನೆಯದು 1772ರಿಂದ ಬಂದ ರಾಜನ ತಲೆಯ ನಾಣ್ಯ. ತೂಕ ಅಷ್ಟೇ, ಬೆಳ್ಳಿ ಮಾತ್ರ 90.3ಕ್ಕೆ ಇಳಿಯಿತು, 1786ರಲ್ಲಿ ಗುಟ್ಟಾಗಿ 89.6ಕ್ಕೆ. ಇದರ ಅಗಲ 38ರಿಂದ 40 ಮಿ.ಮೀ., ಅಂಚಿನ ದಪ್ಪ 2.5 ಮಿ.ಮೀ. ಆಸುಪಾಸು. ‘ಕರೋಲಸ್’ ಎಂದಿದ್ದರೆ ಮೂರನೆಯ ಅಥವಾ ನಾಲ್ಕನೆಯ ಚಾರ್ಲ್ಸ್. ‘ಫರ್ಡಿನ್’ ಎಂದಿದ್ದರೆ 1808ರ ನಂತರದ್ದು.

ಟಂಕಸಾಲೆಯ ಗುರುತು ಹಿಂಬದಿಯ ಬರಹದಲ್ಲಿದೆ. ಎಂ ಅಕ್ಷರದ ತಲೆಯ ಮೇಲೆ ಪುಟ್ಟ ಸೊನ್ನೆ ಇದ್ದರೆ ಮೆಕ್ಸಿಕೊ. ಪಿ, ಟಿ, ಎಸ್ ಒಂದರೊಳಗೊಂದು ಹೆಣೆದಿದ್ದರೆ ಪೊಟೊಸಿ, ಅಂದರೆ ಇಂದಿನ ಬೊಲಿವಿಯಾ. ಲಿಮಾದ ಅಕ್ಷರಗಳೂ ಹೀಗೆಯೇ ಹೆಣೆದುಕೊಂಡಿರುತ್ತವೆ. ಆ ಗುರುತಿನ ನಂತರ ‘8 ಆರ್’, ಆಮೇಲೆ ಬೆಳ್ಳಿ ಪರೀಕ್ಷಿಸಿದವರ ಹೆಸರಿನ ಮೊದಲಕ್ಷರಗಳು. ಈ ಅಕ್ಷರಕ್ಕೂ ಇಸವಿಗೂ ತಾಳೆ ಇರಬೇಕು. ಮೆಕ್ಸಿಕೊದ 1795ರ ನಾಣ್ಯಕ್ಕೆ ಎಫ್ ಎಂ, 1806ರದ್ದಕ್ಕೆ ಟಿ ಎಚ್. ನಕಲಿ ಮಾಡುವವರು ಇಸವಿ ಬದಲಿಸುತ್ತಾರೆ, ಈ ಅಕ್ಷರ ಬದಲಿಸಲು ಮರೆಯುತ್ತಾರೆ.

ಕಾಸರಗೋಡಿನಲ್ಲಿ ಇನ್ನೊಂದು ಗೊಂದಲವಿದೆ. ಗಲ್ಫಿನಿಂದ ಬಂದ ದೊಡ್ಡ ಬೆಳ್ಳಿ ನಾಣ್ಯ ಅನೇಕ ಸಲ ಸ್ಪೇನಿನದ್ದಲ್ಲ, ಆಸ್ಟ್ರಿಯದ ಮರಿಯಾ ತೆರೇಸಾ ನಾಣ್ಯ. ಅರಬ್ ನಾಡಿನ ಬೆಳ್ಳಿ ಆಭರಣಗಳಲ್ಲಿ ಅದು ತುಂಬಾ ಬಳಕೆಯಲ್ಲಿದೆ. ಮೇಲೆ ದಪ್ಪ ಮುಖದ ರಾಣಿ, ಹಿಂಬದಿಗೆ ಎರಡು ತಲೆಯ ಹದ್ದು, ಇಸವಿ ಯಾವಾಗಲೂ 1780. ಎಷ್ಟು ವರ್ಷದ ನಂತರ ಅಚ್ಚಾದರೂ ಅದೇ ಇಸವಿ ಹಾಕುತ್ತಾ ಬಂದಿದ್ದಾರೆ. 28.07 ಗ್ರಾಂ, ಬೆಳ್ಳಿ 83.3 ಶೇಕಡಾ, ಅಂಚಿನಲ್ಲಿ ಉಬ್ಬು ಅಕ್ಷರ. ಇದರಲ್ಲಿ ಹೆಚ್ಚಿನವು ಆಮೇಲಿನ ಮರುಮುದ್ರಣ, ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಇಲ್ಲದವು. ಹಾಗಾಗಿ ಆಭರಣಕ್ಕೆ ಇದಕ್ಕಿಂತ ನಿಶ್ಚಿಂತೆಯ ನಾಣ್ಯವಿಲ್ಲ.

ನಾಣ್ಯ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದಲ್ಲ, ತೋಟ ಅಗೆಯುವಾಗ ಸಿಕ್ಕಿದ್ದು ಎಂದಾದರೆ ಆಭರಣದ ಮಾತು ಅಲ್ಲಿಗೇ ನಿಲ್ಲಬೇಕು. ಕೇರಳದಲ್ಲಿ ಮಣ್ಣಿನಡಿ ಸಿಕ್ಕಿದ ನಿಧಿಗೆ 1968ರ ನಿಧಿ ಕಾಯ್ದೆ ಇದೆ, ಕಲೆಕ್ಟರರಿಗೆ ತಿಳಿಸಲೇಬೇಕು. 2024ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ಮಳೆಗುಂಡಿ ತೋಡುತ್ತಿದ್ದ ಉದ್ಯೋಗ ಖಾತ್ರಿಯ ಕೆಲಸದವರಿಗೆ ಚಿನ್ನದ ಪದಕ, ಬೆಳ್ಳಿ ನಾಣ್ಯ ಸಿಕ್ಕಾಗ ಅವರು ಒಪ್ಪಿಸಿದ್ದೂ ಹೀಗೆಯೇ.

ಅಸಲಿಯೇ ಎಂದು ನೋಡುವ ಬಗೆ

ಒರೆಗಲ್ಲಿಗೆ ತಿಕ್ಕಬೇಡಿ, ಅರ ಹಾಕಿ ಗೀರಬೇಡಿ. ಗಾಯ ಮಾಡದೆ ತಿಳಿಯುವ ದಾರಿಗಳು ಸಾಕಷ್ಟಿವೆ. ಅವುಗಳಲ್ಲಿ ನೀರಿನ ತೂಕ ಮೊದಲನೆಯದು.

0.01 ಗ್ರಾಂ ತೋರಿಸುವ ಚಿಕ್ಕ ತಕ್ಕಡಿ ಬೇಕು. ಮೊದಲು ಒಣ ನಾಣ್ಯವನ್ನು ತೂಗಿ ಬರೆದಿಡಿ. ಆಮೇಲೆ ಅಗಲ ಬಾಯಿಯ ಲೋಟದಲ್ಲಿ ಮುಕ್ಕಾಲು ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳ್ಳನೆಯ ನೈಲಾನ್ ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ಲೋಟದ ತಳಕ್ಕೂ ಗೋಡೆಗೂ ತಾಗದಂತೆ ಕೈಯಲ್ಲಿ ತೂಗಿ ಹಿಡಿಯಿರಿ. ತಕ್ಕಡಿ ಈಗ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಒಣ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ. 27.07 ಗ್ರಾಮಿನ ಅಸಲಿ ನಾಣ್ಯ 2.62ರ ಹತ್ತಿರ ತೋರಿಸಬೇಕು, ಅಂದರೆ 10.3. ತಕ್ಕಡಿ 3.0 ತೋರಿಸಿದರೆ ಸಾಂದ್ರತೆ 9, ಅದು ತಾಮ್ರ-ನಿಕಲ್. ಮರಿಯಾ ತೆರೇಸಾ 2.75 ತೋರಿಸುತ್ತದೆ. ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆ ಲೆಕ್ಕ ಕೆಡಿಸುತ್ತದೆ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ, ಮುಳುಗಿಸಿದ ಮೇಲೆ ದಾರವನ್ನು ಮೆಲ್ಲಗೆ ಅಲುಗಿಸಿದರೆ ಗುಳ್ಳೆ ಬಿಡುತ್ತದೆ. ಸಮುದ್ರದಡಿ ಬಿದ್ದಿದ್ದ ನಾಣ್ಯದೊಳಗೆ ಸಣ್ಣ ಸಣ್ಣ ತೂತುಗಳಿರುವುದರಿಂದ ಅದು ಅಸಲಿಯಾದರೂ ಸಾಂದ್ರತೆ ಕಡಿಮೆ ಬರಬಹುದು.

ನಾಣ್ಯವನ್ನು 45 ಡಿಗ್ರಿಗೆ ವಾಲಿಸಿ ಅದರ ಮೇಲೆ ಪುಟ್ಟ ನಿಯೋಡಿಮಿಯಂ ಅಯಸ್ಕಾಂತ ಬಿಡಿ. ಬೆಳ್ಳಿಯ ಮೇಲೆ ಅದು ತಡೆದು ತಡೆದು ಜಾರುತ್ತದೆ, ತಾಮ್ರ-ನಿಕಲ್ ಮೇಲೆ ಸರ್ರನೆ ಬಿದ್ದುಬಿಡುತ್ತದೆ. ಅಂಟಿಕೊಂಡರೆ ಒಳಗೆ ಕಬ್ಬಿಣ.

ಒಳ್ಳೆ ಬೆಳ್ಳಿಯಲ್ಲೇ ಮಾಡಿದ ನಕಲಿಗಳೂ ಇವೆ. ಅವುಗಳನ್ನು ಹಿಡಿಯುವುದು ಅಂಚು. ತಲೆಯ ನಾಣ್ಯದ ಅಂಚಿನಲ್ಲಿ ಒಂದು ವೃತ್ತ, ಒಂದು ಆಯತ, ಮತ್ತೆ ವೃತ್ತ, ಹೀಗೆ ಸಾಲು. ಕಂಬದ ನಾಣ್ಯದ ಅಂಚಿನಲ್ಲಿ ಎಲೆಗಳ ಸಾಲು. ಮುದ್ರೆ ಒತ್ತುವ ಮುಂಚೆ ಬಿಲ್ಲೆಯನ್ನು ಎರಡು ಉಕ್ಕಿನ ಪಟ್ಟಿಗಳ ನಡುವೆ ಉರುಳಿಸಿ ಈ ಚಿತ್ತಾರ ಮೂಡಿಸುತ್ತಿದ್ದರು. ಪ್ರತಿ ಪಟ್ಟಿ ಅರ್ಧ ಸುತ್ತಿಗೆ. ಅದರಿಂದ ಒಂದು ಅರ್ಧ ಮುಗಿದು ಇನ್ನೊಂದು ಶುರುವಾಗುವಲ್ಲಿ ವೃತ್ತದ ಮೇಲೆ ಆಯತ ಏರಿರುತ್ತದೆ, ಅಥವಾ ಎರಡು ಆಯತ ಸೇರಿ ಉದ್ದವಾಗಿರುತ್ತವೆ. ಎದುರುಬದುರಾಗಿ ಇಂಥ ಎರಡು ಜಾಗ ಇರಬೇಕು. ಹತ್ತು ಪಟ್ಟು ದೊಡ್ಡದು ಮಾಡುವ ಮಸೂರದಲ್ಲಿ ಸುತ್ತ ತಿರುಗಿಸಿ ನೋಡಿ. ಚಿತ್ತಾರ ಸುತ್ತಲೂ ಒಂದೇ ಸಮನಾಗಿದ್ದರೆ, ಅಥವಾ ಅಂಚಿನ ನಡುವಿನಲ್ಲಿ ಎರಕದ ಗೆರೆ ಕಂಡರೆ, ಅದು ನಕಲಿ.

ಹಾಲ್‌ಮಾರ್ಕ್ ಕೇಂದ್ರದ ಎಕ್ಸ್‌ರೇ ಯಂತ್ರ ಗಾಯ ಮಾಡುವುದಿಲ್ಲ, ತೋರಿಸಬಹುದು. ಆದರೆ ಅದು ಮೇಲ್ಮೈಯನ್ನಷ್ಟೇ ಓದುತ್ತದೆ. ಹಳೆ ನಾಣ್ಯದ ಮೇಲ್ಪದರದಿಂದ ತಾಮ್ರ ಹೊರಟುಹೋಗಿರುವ ಕಾರಣ 90ರ ನಾಣ್ಯ 93, 94 ತೋರಿಸಬಹುದು, ಅದು ದೋಷವಲ್ಲ. ಸ್ವಲ್ಪ ಚಿನ್ನ, ಸ್ವಲ್ಪ ಸೀಸದ ಸುಳಿವು ಸಿಕ್ಕರೆ ಒಳ್ಳೆಯ ಲಕ್ಷಣ, ಆ ಕಾಲದ ಶುದ್ಧೀಕರಣ ಅವನ್ನು ಪೂರ್ತಿ ತೆಗೆಯುತ್ತಿರಲಿಲ್ಲ. ನಿಕಲ್ ಅಥವಾ ಸತು ಗಣನೀಯವಾಗಿ ಕಂಡರೆ ಸಂಶಯ ಪಡಿ.

ಯಾವುದನ್ನು ತೊಡಬೇಕು, ಯಾವುದನ್ನು ಬಿಡಬೇಕು

ಪೂರ್ತಿ ಇಸವಿ ಓದಲು ಸಿಗುವ ಕಾಬ್, ಕೂದಲೆಳೆಯೂ ಸವೆಯದ ತಲೆಯ ನಾಣ್ಯ, ಕಂಬದ ಒಳ್ಳೆ ನಾಣ್ಯ, ಇವು ಕೊರಳಿಗೆ ಬೇಡ. ಎಷ್ಟೇ ಒಳ್ಳೆಯ ಚೌಕಟ್ಟಾದರೂ ತೊಟ್ಟ ನಾಣ್ಯ ಬಟ್ಟೆಗೆ, ಗುಂಡಿಗೆ ಉಜ್ಜಿ ಸವೆಯುವುದು ನಿಲ್ಲುವುದಿಲ್ಲ.

ಆಭರಣಕ್ಕೆ ಹೇಳಿ ಮಾಡಿಸಿದ್ದು ಆಗಲೇ ಪೆಟ್ಟು ತಿಂದ ನಾಣ್ಯ: ಹಿಂದೆ ಯಾರೋ ತೂತು ಕೊರೆದದ್ದು, ಕೊಂಡಿ ಬೆಸೆದು ಕಿತ್ತದ್ದು, ಜೋರಾಗಿ ಪಾಲಿಶ್ ಆದದ್ದು. ಸಂಗ್ರಹಕಾರರು ಇವನ್ನು ಬೇಡ ಎನ್ನುತ್ತಾರೆ, ಆದ್ದರಿಂದ ಇಡಿಯದಕ್ಕಿಂತ ಬಹಳ ಅಗ್ಗ. ಚೀನಾದ ವ್ಯಾಪಾರಿಗಳು ಬೆಳ್ಳಿ ಪರೀಕ್ಷಿಸಿ ಹೊಡೆದ ಪುಟ್ಟ ಅಕ್ಷರದ ಠಸೆಗಳಿರುವ ನಾಣ್ಯ ಪದಕವಾಗಿ ಇನ್ನೂ ಚೆಂದ ಕಾಣುತ್ತದೆ, ಏಷ್ಯಾದ ಪೇಟೆಗಳಲ್ಲಿ ಕೈಬದಲಾದ ಗುರುತು ಅದರ ಮೈಮೇಲೇ ಇದೆ. ಬರೀ ದೊಡ್ಡ ಹಳೆ ಬೆಳ್ಳಿ ನಾಣ್ಯ ಸಾಕು ಎನ್ನುವವರು ಮೆಕ್ಸಿಕೊ ಸ್ವತಂತ್ರವಾದ ಮೇಲೆ, 1823ರಿಂದ ಬಂದ ಹದ್ದು ಮತ್ತು ಟೋಪಿಯ 8 ರಿಯಾಲ್ ಆರಿಸಿಕೊಳ್ಳಬಹುದು. ತೂಕವೂ ಬೆಳ್ಳಿಯೂ ಅದೇ, ಸಿಗುವುದೂ ಸುಲಭ.

ತೊಳೆಯುವುದು

ವಿಭೂತಿ, ಬೂದಿ, ಹುಣಸೆಹುಳಿ, ಹಲ್ಲುಪುಡಿ, ನಮ್ಮಲ್ಲಿ ದೇವರ ಬೆಳ್ಳಿಗೆ ಹಾಕುವ ಇವು ಯಾವುದೂ ನಾಣ್ಯಕ್ಕೆ ಬೇಡ. ಪುಡಿಗಳು ಗೀರುತ್ತವೆ, ಹುಳಿ ತಾಮ್ರವನ್ನು ಎಳೆದು ಮೇಲ್ಮೈಯನ್ನು ಮಂಕಾಗಿಸುತ್ತದೆ. ಅಲ್ಯುಮಿನಿಯಂ ಹಾಳೆ, ಅಡುಗೆ ಸೋಡಾದ ಬಿಸಿನೀರು ಕಪ್ಪನ್ನೆಲ್ಲ ಒಂದೇ ಸಲ ತೆಗೆದುಬಿಡುತ್ತದೆ, ರಾಜನ ಕೂದಲ ಸಂದಿನ ನೆರಳೂ ಹೋಗಿ ಮುಖ ಬೋಳಾಗುತ್ತದೆ. ಆ ಕಪ್ಪು ಇದ್ದರೇ ಉಬ್ಬು ಎದ್ದು ಕಾಣುವುದು. ತೊಡುತ್ತಾ ಹೋದಂತೆ ಎತ್ತರದ ಭಾಗ ತಾನೇ ಬೆಳಗುತ್ತದೆ, ಸಂದಿನಲ್ಲಿ ಕಪ್ಪು ಉಳಿಯುತ್ತದೆ. ಅದಕ್ಕಿಂತ ಒಳ್ಳೆಯ ಪಾಲಿಶ್ ಯಾವ ಯಂತ್ರದಿಂದಲೂ ಬರುವುದಿಲ್ಲ.

ಮಾಡಬೇಕಾದ್ದು ಇಷ್ಟೇ: ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರಿನಲ್ಲಿ ಒಂದು ದಿನ ನೆನೆಹಾಕಿ, ಮೆತ್ತನೆಯ ಬಣ್ಣದ ಕುಂಚದಿಂದ ಕೊಳೆ ಎಬ್ಬಿಸಿ. ಜಿಡ್ಡು, ಗೋಂದು, ಹಳೆ ಪ್ಲಾಸ್ಟಿಕ್ಕಿನ ಹಸಿರು ಅಂಟು ಇದ್ದರೆ ಶುದ್ಧ ಅಸಿಟೋನಿನಲ್ಲಿ ಹದಿನೈದು ನಿಮಿಷ, ಗಾಜಿನ ಪಾತ್ರೆಯಲ್ಲಿ, ಕಿಟಕಿ ತೆರೆದು, ಹತ್ತಿರ ಬೆಂಕಿ ಇಲ್ಲದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಎಣ್ಣೆ, ಸುವಾಸನೆ ಸೇರಿರುವುದರಿಂದ ಅದು ಬೇಡ. ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸಿ, ಉಜ್ಜಬೇಡಿ. ಈಗಲೇ ಎರಡೂ ಬದಿಯ, ಅಂಚಿನ ಫೋಟೊ ತೆಗೆದು, ತೂಕ, ಅಗಲ ಬರೆದಿಟ್ಟುಕೊಳ್ಳಿ.

ಬೆಂಕಿ ಯಾಕೆ ಬೇಡ

ಬೆಳ್ಳಿಯಷ್ಟು ಚೆನ್ನಾಗಿ ಶಾಖ ಹರಿಸುವ ಲೋಹ ಇನ್ನೊಂದಿಲ್ಲ. ಕೊಂಡಿಯ ಜಾಗಕ್ಕಷ್ಟೇ ಊದುಕೊಳವೆ ಹಿಡಿದೆ ಎಂದರೂ ಬೆಸುಗೆ ಹರಿಯಬೇಕಾದರೆ ಇಡೀ ನಾಣ್ಯ 700 ಡಿಗ್ರಿಯ ಹತ್ತಿರ ಕಾಯಲೇಬೇಕು. ಆಗ ಒಳಗಿನ ತಾಮ್ರ ಗಾಳಿಯೊಂದಿಗೆ ಸೇರಿ ಬೂದು-ನೇರಳೆ ಕಲೆಯಾಗಿ ಆಳಕ್ಕೆ ಇಳಿಯುತ್ತದೆ. ಅದನ್ನು ತೆಗೆಯಲು ಮೇಲ್ಮೈಯನ್ನೇ ಉಜ್ಜಿ ತೆಗೆಯಬೇಕು, ಅಕ್ಷರವೂ ಅದರ ಜೊತೆ ಹೋಗುತ್ತದೆ. ಶುದ್ಧ ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಿ, ಆದರೆ ಹತ್ತರಲ್ಲಿ ಒಂದು ಪಾಲು ತಾಮ್ರವಿರುವ ಈ ನಾಣ್ಯ 779ರಲ್ಲೇ ಬೆವರಲು ಶುರುಮಾಡುತ್ತದೆ. ಬೆಸುಗೆಗೂ ನಾಣ್ಯಕ್ಕೂ ನಡುವಿನ ಅಂತರ ಕೈಗೆ ಸಿಗುವಷ್ಟಿಲ್ಲ.

ಇನ್ನೂ ಕೆಟ್ಟದ್ದು ಸೀಸ. ಹಳೆ ಕೊಂಡಿಯ ಬುಡದಲ್ಲಿ ಉಗುರಿನಿಂದ ಒತ್ತಿದರೆ ಗುರುತು ಬೀಳುವ ಮಂಕು ಬೂದು ಲೋಹ ಕಂಡರೆ ಅದು ಸೀಸ-ತವರದ ಬೆಸುಗೆ. ಅದರ ಮೇಲೆ ಬೆಂಕಿ ಬಿದ್ದರೆ ಸೀಸ ಬೆಳ್ಳಿಯೊಳಕ್ಕೆ ತಿನ್ನುತ್ತಾ ಹೋಗಿ ಗುಂಡಿ ಬೀಳುತ್ತದೆ. ಹಾಗೆಯೇ ಬಿಟ್ಟುಬಿಡಿ, ಚೌಕಟ್ಟು ಅದನ್ನು ಮುಚ್ಚುತ್ತದೆ.

ಚೌಕಟ್ಟು ಕಟ್ಟುವುದು

ಸಿದ್ಧ ಚೌಕಟ್ಟು ಆನ್‌ಲೈನ್‌ನಲ್ಲಿ ಸಿಗುತ್ತದೆ, ಆದರೆ ಅವು ಅಮೆರಿಕದ ಮಾರ್ಗನ್ ಡಾಲರಿನ 38.1 ಮಿ.ಮೀ. ಅಥವಾ ಅಲ್ಲಿಯದೇ ‘ಸಿಲ್ವರ್ ಈಗಲ್’ ನಾಣ್ಯದ 40.6 ಮಿ.ಮೀ. ಅಳತೆಯವು. ರಿಯಾಲ್ ಈ ಎರಡರ ನಡುವೆ ಎಲ್ಲೋ ಬೀಳುತ್ತದೆ. ಚಿಕ್ಕದಕ್ಕೆ ಒತ್ತಿ ತುರುಕಿದರೆ ಅಂಚಿನ ಚಿತ್ತಾರ ಕೆಡುತ್ತದೆ, ದೊಡ್ಡದರಲ್ಲಿ ನಾಣ್ಯ ಲೊಡಲೊಡ ಎನ್ನುತ್ತದೆ. ಆಚಾರಿಯಿಂದ ಮಾಡಿಸುವುದೇ ಒಳ್ಳೆಯದು.

ಕಲ್ಲಿನ ಉಂಗುರದ ಹಲ್ಲು ಕಲ್ಲನ್ನು ಹಿಡಿಯುವ ಕ್ರಮವೇ ಇಲ್ಲೂ. ನಾಣ್ಯದ ಹಿಂದೆ ಒಂದು ಬಳೆ, ಅದರಿಂದ ಎದ್ದ ನಾಲ್ಕು ಹಲ್ಲು, ಮೇಲೆ ಎರಡು ಕೊಂಡಿ. ನಾಣ್ಯದ ಎರಡೂ ಮುಖ ಕಾಣುತ್ತದೆ, ಅಂಚೂ ಕಾಣುತ್ತದೆ, ಹಲ್ಲು ಬಿಡಿಸಿದರೆ ನಾಣ್ಯ ಕೈಗೆ ಬರುತ್ತದೆ.

ಲೆಕ್ಕ ಹೀಗೆ. ವರ್ನಿಯರ್ ಕ್ಯಾಲಿಪರಿನ ಬಾಯಿಗೆ ಕಾಗದ ಅಂಟಿಸಿ ನಾಲ್ಕು ದಿಕ್ಕಿನಲ್ಲಿ ನಾಣ್ಯದ ಅಗಲ ನೋಡಿ, ದೊಡ್ಡ ಅಳತೆ ಹಿಡಿಯಿರಿ. ಅದು 39.0 ಮಿ.ಮೀ. ಎನ್ನೋಣ. ಹಲ್ಲು ಕೂರಲು ಬಳೆಯ ಹೊರಬದಿಯಲ್ಲಿ 0.3 ಮಿ.ಮೀ. ಆಳದ ಕಚ್ಚು ಹಾಕುತ್ತೇವೆ, ಎರಡು ಬದಿಗೆ 0.6. ಸಡಿಲಕ್ಕೆ 0.2. ಒಟ್ಟು ಬಳೆಯ ಹೊರ ಅಗಲ 39.8. ಬಳೆಗೆ 1.8 ಮಿ.ಮೀ. ಚೌಕ ತಂತಿ, 925 ಬೆಳ್ಳಿ. 39.8ರಿಂದ 1.8 ಕಳೆದರೆ 38.0, ಅದಕ್ಕೆ 3.1416 ಗುಣಿಸಿದರೆ 119.4. 120 ಮಿ.ಮೀ. ಕತ್ತರಿಸಿ, ತುದಿಗಳನ್ನು ಅರದಲ್ಲಿ ಸಮ ಮಾಡಿ. ನಾಣ್ಯದ ಅಂಚು ಬಳೆಯ ಮೇಲೆ ಸುತ್ತಲೂ 1.4 ಮಿ.ಮೀ.ನಷ್ಟು ಕೂರುತ್ತದೆ, ಹಿಂಬದಿಯ ಅಕ್ಷರ ಮುಚ್ಚುವುದಿಲ್ಲ.

ಹಲ್ಲಿಗೆ 1.2 ಮಿ.ಮೀ. ಗುಂಡು ತಂತಿ, 999 ಬೆಳ್ಳಿ. ಶುದ್ಧ ಬೆಳ್ಳಿ ಮೆತ್ತಗಿದ್ದು ಮಡಚಿ ಬಿಡಿಸಿದರೂ ಬೇಗ ಮುರಿಯುವುದಿಲ್ಲ. ಉದ್ದ: ಬಳೆಯ ದಪ್ಪ 1.8, ನಾಣ್ಯದ ಅಂಚು 2.5, ಮಡಚಲು 1.2, ಹೆಚ್ಚಿಗೆ 0.5, ಸೇರಿ 6 ಮಿ.ಮೀ. ಜಾಗ ಗಡಿಯಾರದ ಒಂದೂವರೆ, ನಾಲ್ಕೂವರೆ, ಏಳೂವರೆ, ಹತ್ತೂವರೆಗೆ. ತಲೆಯ ನಾಣ್ಯದಲ್ಲಿ ಇಸವಿ ಇರುವುದು ಸರಿಯಾಗಿ ಆರು ಗಂಟೆಯ ಜಾಗದಲ್ಲಿ, ಅಲ್ಲಿ ಹಲ್ಲು ಬೀಳಬಾರದು.

ಕೊಂಡಿ ಒಂದೇ ಆದರೆ ಇಷ್ಟು ಅಗಲದ ಪದಕ ತಿರುತಿರುಗಿ ರಾಜನ ಬೆನ್ನು ಮುಂದಾಗುತ್ತದೆ. ಅದಕ್ಕೇ ಎರಡು ಬೇಕು, ನಡುವೆ 12 ಮಿ.ಮೀ., 1.2ರ ತಂತಿಯಲ್ಲಿ, ಒಳ ಅಗಲ 4 ಮಿ.ಮೀ. ಚೌಕಟ್ಟಿನ ತೂಕ ಎಲ್ಲ ಸೇರಿ ಐದು ಗ್ರಾಂ ಹತ್ತಿರ ಬರುತ್ತದೆ. ತುಂಡು-ತುಣುಕು ಸೇರಿ 8 ಗ್ರಾಂ ಬೆಳ್ಳಿ ಕೊಟ್ಟರೆ ಸಾಕು.

ಆಚಾರಿಯ ಹತ್ತಿರ ಮೊದಲ ದಿನ ನಾಣ್ಯ ಬಿಟ್ಟುಬರಬೇಡಿ. ಲೇತ್ ಇರುವಲ್ಲಿ 39 ಮಿ.ಮೀ. ಅಗಲ, 2.5 ದಪ್ಪದ ಹಿತ್ತಾಳೆ ಬಿಲ್ಲೆ ಮಾಡಿಸಿ ಅದನ್ನು ಕೊಡಿ. ಸುತ್ತಿಗೆ ಜಾರಿದರೂ ಬೆಂಕಿ ಹೆಚ್ಚಾದರೂ ನಷ್ಟವಿಲ್ಲ.

ಬೆಸುಗೆ ಮೂರು ಹಂತ. ಬಳೆಯ ಕೂಡುವಿಕೆಗೆ ಗಟ್ಟಿ ಬೆಸುಗೆ, ಸುಮಾರು 745 ಡಿಗ್ರಿಯದು. ಹಲ್ಲುಗಳಿಗೆ ಮಧ್ಯಮ, ಸುಮಾರು 720. ಕೊಂಡಿಗೆ ಮೆದು, ಸುಮಾರು 650ರಿಂದ 680. ಈ ಕ್ರಮ ತಪ್ಪಿದರೆ ಕೊಂಡಿ ಕೂರಿಸುವಾಗ ಹಲ್ಲು ಉದುರುತ್ತದೆ. ಒಂದೇ ಬಗೆಯ ಬೆಸುಗೆ ಮಾತ್ರ ಇದ್ದರೆ ಮೊದಲು ಆದ ಕೂಡುವಿಕೆಗಳಿಗೆ ಕೆಮ್ಮಣ್ಣಿನ ರಾಡಿ ಬಳಿದು ಒಣಗಿಸಿ ಮುಂದಿನದಕ್ಕೆ ಹೋಗಬೇಕು. ಕ್ಯಾಡ್ಮಿಯಂ ಸೇರಿದ ಬೆಸುಗೆ, ಕೆಡಿಎಂ ಎನ್ನುವುದು, ಬೇಡ. ಅದರ ಹೊಗೆ ಆಚಾರಿಯ ಶ್ವಾಸಕೋಶಕ್ಕೆ ವಿಷ.

ಬಿಳಿಗಾರವನ್ನು ನೀರಿನಲ್ಲಿ ತೇಯ್ದು ಗಂಧದ ಹದಕ್ಕೆ ತಂದು ಕೂಡುವಲ್ಲಿ ಹಚ್ಚಿ. ಬಳೆಯನ್ನು ಎಲ್ಲ ಕಡೆ ಸಮ ಕಾಯಿಸಿ, ಬೆಸುಗೆಯ ಚೂರಿಗೆ ನೇರ ಉರಿ ಹಿಡಿಯಬೇಡಿ. ಚೂರು ಗುಂಡಾಗಿ ನಿಂತು ಹರಿಯದಿದ್ದರೆ ಬೆಳ್ಳಿ ಇನ್ನೂ ಕಾದಿಲ್ಲ, ಇಲ್ಲವೇ ಜಿಡ್ಡಿದೆ. ಬೆಸುಗೆ ಹಲ್ಲಿನ ಕಡೆಗೆ ಮಾತ್ರ ಏರಿದರೆ ತೆಳ್ಳಗಿನ ಹಲ್ಲು ಮೊದಲು ಕಾದಿದೆ ಎಂದರ್ಥ, ಉರಿಯನ್ನು ಬಳೆಯ ಕಡೆಗೆ ಇಡಿ. ಪ್ರತಿ ಹಂತದ ನಂತರ ಪಟಿಕದ ಬಿಸಿನೀರಿನಲ್ಲಿ ಕುದಿಸಿದರೆ ಬಿಳಿಗಾರದ ಗಾಜು ಬಿಡುತ್ತದೆ. ಅಲ್ಲಿ ಕಬ್ಬಿಣದ ಇಕ್ಕಳ ಅದ್ದಿದರೆ ಬೆಳ್ಳಿಯ ಮೇಲೆಲ್ಲ ತಾಮ್ರದ ಕೆಂಪು ಕೂರುತ್ತದೆ, ತಾಮ್ರದ ಅಥವಾ ಬಿದಿರಿನ ಚಿಮಟ ಹಿಡಿಯಿರಿ. ಕೊನೆಗೆ ಅಡುಗೆ ಸೋಡಾದ ನೀರಿನಲ್ಲಿ ಮುಳುಗಿಸಿ, ಚೆನ್ನಾಗಿ ತೊಳೆದು, ಪಾಲಿಶ್ ಮಾಡಿ ಮುಗಿಸಿ. ಆಸಿಡ್ ಉಳಿದಿದ್ದರೆ ಆಮೇಲೆ ನಾಣ್ಯಕ್ಕೆ ತಗಲುತ್ತದೆ.

ಇಷ್ಟಾದ ಮೇಲೆ ನಾಣ್ಯ ತನ್ನಿ, ಕೂರಿಸುವಾಗ ಎದುರಿಗಿರಿ. ಬಳೆಯ ಮೇಲೂ ಹಲ್ಲಿನ ಕೆಳಗೂ 0.05 ಮಿ.ಮೀ. ಪಾಲಿಯೆಸ್ಟರ್ ಹಾಳೆಯ ಚೂರು ಇಡಿ, ಬೆಳ್ಳಿಗೆ ಬೆಳ್ಳಿ ಉಜ್ಜದಂತೆ. ಹಲ್ಲಿನ ತುದಿಯನ್ನು ಮೊದಲೇ ಗುಂಡಗೆ ಅರ ಹಾಕಿರಬೇಕು. ಕೂರಿಸಿದ ಮೇಲೆ ಅರ ತಂದರೆ ಅದು ಜಾರಿ ರಾಜನ ಮೂಗಿಗೇ ಬೀಳುತ್ತದೆ. ಮಡಚಲು ಉಕ್ಕು ಬೇಡ, ಗಟ್ಟಿ ಮರದ ಕಡ್ಡಿ ಸಾಕು. ಒಂದು ಹಲ್ಲನ್ನು ಅರ್ಧ ಬಾಗಿಸಿ, ಎದುರಿನದನ್ನು ಅರ್ಧ ಬಾಗಿಸಿ, ಹೀಗೆ ಎರಡು ಸುತ್ತಿನಲ್ಲಿ ಮುಗಿಸಿ. ಒಂದನ್ನೇ ಪೂರ್ತಿ ಮಡಚಿದರೆ ನಾಣ್ಯ ಒಂದು ಬದಿಗೆ ಸರಿದು ಎದುರಿನ ಹಲ್ಲು ಹಿಡಿಯುವುದಿಲ್ಲ. ತುದಿ ಅಂಚಿನ ದಂಡೆಯ ಮೇಲಷ್ಟೇ ಕೂರಬೇಕು, ಅಕ್ಷರ ಮುಟ್ಟಬಾರದು. ಕಿವಿಯ ಹತ್ತಿರ ಹಿಡಿದು ಅಲುಗಿಸಿ, ಸದ್ದು ಬಂದರೆ ಇನ್ನೊಮ್ಮೆ ಒತ್ತಿ.

ಕಾಬ್ ಆದರೆ ಅಳತೆಯ ಲೆಕ್ಕ ನಡೆಯುವುದಿಲ್ಲ. ನಾಣ್ಯವನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು, ಆ ಗೆರೆಗೆ ಒಂದೂವರೆ ಮಿ.ಮೀ. ಒಳಗೆ ತಂತಿ ಬಾಗಿಸಿ ಬಳೆ ಮಾಡಬೇಕು. ಹಲ್ಲು ಆರು, ಕೊಯ್ದ ನೇರ ಅಂಚುಗಳ ನಡುಭಾಗದಲ್ಲಿ, ಮೂಲೆಯಲ್ಲಿ ಅಲ್ಲ. ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲವಾದ್ದರಿಂದ ಪ್ರತಿ ಹಲ್ಲಿನ ಉದ್ದ ಬೇರೆ. ಯಾವುದನ್ನು ಮೇಲೆ ಮಾಡಬೇಕು ಎಂಬುದಕ್ಕೆ ಶಿಲುಬೆ ನೇರ ನಿಲ್ಲುವಂತೆ ಹಿಡಿಯುವುದು ರೂಢಿ. 1622ರಲ್ಲಿ ಫ್ಲೋರಿಡಾ ಬಳಿ ಮುಳುಗಿದ ಅಟೋಚಾ, 1784ರಲ್ಲಿ ಮುಳುಗಿದ ಎಲ್ ಕಸಾಡೋರ್ ಮುಂತಾದ ಹಡಗುಗಳ ನಾಣ್ಯಕ್ಕೆ ಪ್ರಮಾಣಪತ್ರ ಇರುತ್ತದೆ, ಅದಿಲ್ಲದೆ ‘ಹಡಗಿನದ್ದು’ ಎಂಬ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ. ಸಮುದ್ರ ತಿಂದ ನಾಣ್ಯದ ಅಂಚು ಹಪ್ಪಳದಂತೆ ಮುರಿಯುತ್ತದೆ, ಹಲ್ಲು ಒತ್ತುವಾಗ ಎದುರು ಬದಿಗೆ ಬೆರಳ ಆಸರೆ ಕೊಡಿ.

ಆಗಲೇ ತೂತು ಇದ್ದರೆ

ತೂತಿನಿಂದ ಅಂಚಿನವರೆಗೆ ಎಷ್ಟು ಬೆಳ್ಳಿ ಉಳಿದಿದೆ ನೋಡಿ. 1.5 ಮಿ.ಮೀ.ಗಿಂತ ಕಡಿಮೆಯಾದರೆ ಅದರಿಂದ ತೂಗಿಸಬೇಡಿ, ಮೇಲಿನ ಚೌಕಟ್ಟೇ ಆಗಬೇಕು. ಸಾಕಷ್ಟಿದ್ದರೂ ಲೋಹದ ಬಳೆ ಹಾಕಿದರೆ ಅದು ದಿನ ಹೋದಂತೆ ತೂತನ್ನು ಮೇಲಕ್ಕೆ ಕೊಯ್ಯುತ್ತದೆ. ರೇಷ್ಮೆ ದಾರವನ್ನು ಎರಡು ಸುತ್ತು ಹಾಕಿ, ಆ ದಾರದ ಕುಣಿಕೆಗೆ ಸರ ಪೋಣಿಸುವುದು ಉತ್ತಮ. ವರ್ಷಕ್ಕೊಮ್ಮೆ ದಾರ ಬದಲಿಸಿ. ಕೊಳ್ಳುವಾಗ ತೂತಿನ ಒಳಗೋಡೆ ನೋಡಿ: ಕಪ್ಪಾಗಿ, ಮೇಲ್ಬದಿಗೆ ಸವೆದು ಉದ್ದವಾಗಿದ್ದರೆ ಅದು ಹಳೆ ಕಾಲದಲ್ಲೇ ಯಾರೋ ತೊಟ್ಟದ್ದು. ಒಳಗೆ ಬಿಳಿಯಾಗಿ ಮಿನುಗಿದರೆ ಇತ್ತೀಚೆಗೆ ಕೊರೆದದ್ದು.

ಕಿವಿಗೆ 8 ರಿಯಾಲ್ ಭಾರವಾಗುತ್ತದೆ. ಅರ್ಧ ರಿಯಾಲ್ 1.69 ಗ್ರಾಂ, 16-17 ಮಿ.ಮೀ.; ಒಂದು ರಿಯಾಲ್ 3.38 ಗ್ರಾಂ, 20 ಮಿ.ಮೀ. ಹತ್ತಿರ. ಓಲೆಗೆ ಇವೇ. 6.77 ಗ್ರಾಮಿನ 2 ರಿಯಾಲ್ ದಿನಬಳಕೆಯ ಪದಕಕ್ಕೆ ಹಿತ.

ತೊಡುವುದು, ಇಡುವುದು

ನಾಣ್ಯ, ಚೌಕಟ್ಟು ಸೇರಿ 32 ಗ್ರಾಂ ಬರುವುದರಿಂದ ಸರದ ಪ್ರತಿ ಕೊಂಡಿಗೂ ಬೆಸುಗೆ ಇರಲಿ, ತಂತಿ 1 ಮಿ.ಮೀ.ಗೆ ಕಡಿಮೆ ಬೇಡ. ಎಸ್ ಕೊಕ್ಕೆ ಸಡಿಲಾದರೆ ಕೂಡಲೇ ಒತ್ತಿಸಿ. ಸ್ನಾನ, ಈಜು, ಅಡುಗೆ ಕೆಲಸಕ್ಕೆ ಮುಂಚೆ ತೆಗೆದಿಡಿ. ಅರಿಶಿನ, ಕುಂಕುಮ, ತೆಂಗಿನೆಣ್ಣೆ ಅಕ್ಷರದ ಸಂದಿಯಲ್ಲಿ ಸೇರಿದರೆ ಕೊಳೆ ಹಿಡಿದು ಗಟ್ಟಿಯಾಗುತ್ತದೆ. ತೆಗೆದ ಮೇಲೆ ಬೆವರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಒತ್ತಿ.

ಆಟಿ ತಿಂಗಳ ತೇವಕ್ಕೂ ಕಡಲಗಾಳಿಯ ಉಪ್ಪಿಗೂ ನಮ್ಮಲ್ಲಿ ಬೆಳ್ಳಿ ಬೇಗ ಕಪ್ಪಾಗುತ್ತದೆ. ಪಾಲಿಥೀನ್ ಜಿಪ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿ ಹಿಂಡಿ ಮುಚ್ಚಿಡಿ. ಮೆತ್ತಗಿನ ವಾಸನೆಯ ಪಿವಿಸಿ ಚೀಲ ಆಸಿಡ್ ಬಿಡುತ್ತದೆ, ನಾಣ್ಯಕ್ಕೆ ಹಸಿರು ಅಂಟು ಬರುವುದು ಅದರಿಂದಲೇ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿದೆ, ಸುತ್ತಿದಲ್ಲಿ ಕಪ್ಪು ಗೆರೆ ಕೂರುತ್ತದೆ. ಬಂಗಾರದಂಗಡಿಯ ಗುಲಾಬಿ ಕಾಗದ ತೇವಕ್ಕೆ ಬಣ್ಣ ಬಿಡುತ್ತದೆ.

ಗಲ್ಫಿಗೆ ಹೋಗುವವರು ಇದನ್ನು ಕೊರಳಲ್ಲಿ ಹಾಕಿಕೊಂಡು ವಿಮಾನ ಹತ್ತಬಾರದು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತು ಕಾಯ್ದೆಯಡಿ ಬರುತ್ತದೆ, ಭಾರತದಿಂದ ಹೊರಗೆ ಒಯ್ಯಲು ಖಾಸಗಿಯವರಿಗೆ ಅವಕಾಶವಿಲ್ಲ. ಆಭರಣವಾಗಿ ಮಾರ್ಪಟ್ಟಿದೆ ಎಂಬುದರಿಂದ ನಾಣ್ಯದ ವಯಸ್ಸು ಕಡಿಮೆಯಾಗುವುದಿಲ್ಲ.

ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ನಾಲ್ಕು ಹಲ್ಲನ್ನೂ ಮಸೂರದಲ್ಲಿ ನೋಡಿ. ತುದಿ ತೆಳುವಾಗಿ ಬ್ಲೇಡಿನಂತಾಗಿದ್ದರೆ, ಅಥವಾ ಬಾಗಿದ ಕಡೆ ಬಿರುಕಿನ ಗೆರೆ ಇದ್ದರೆ, ಉಳಿದ ಹಲ್ಲು ಬಿಡಿಸಿ ನಾಣ್ಯ ಹೊರತೆಗೆದು ಖಾಲಿ ಚೌಕಟ್ಟನ್ನು ಮಾತ್ರ ಆಚಾರಿಗೆ ಕೊಡಿ. ಹೊಸ ಹಲ್ಲಿಗೆ ಮೆದು ಬೆಸುಗೆಯೇ ಸಾಕು, ಕೊಂಡಿಗಳಿಗೆ ಆಗ ಕೆಮ್ಮಣ್ಣು ಬಳಿಯಲು ಹೇಳಿ.